ವಿದ್ಯುತ್ತಿನ ಹದ

ವಿದ್ಯುಚ್ಛಕ್ತಿಯ ಚರಿತ್ರೆಯೆಂದರೆ ಜಲಪಾತ, ಅಣೆಕಟ್ಟು, ತಂತಿಗಳ ಚರಿತ್ರೆಯೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಎಷ್ಟು ಶಕ್ತಿ ಉತ್ಪನ್ನವಾಯಿತು, ಎಷ್ಟು ದೂರ ಹರಿಯಿತು ಎಂಬ ಲೆಕ್ಕ ಎಲ್ಲರ ಬಾಯಲ್ಲಿಯೂ ಇದೆ. ಬಂದ ಶಕ್ತಿಯ ಹದವೆಂಥದು ಎಂದು ಕೇಳುವವರು ವಿರಳ. ಹದಗೆಟ್ಟ ವಿದ್ಯುತ್ತು ದೀಪವನ್ನು ನಡುಗಿಸುತ್ತದೆ, ಮೋಟಾರಿನ ಸುರುಳಿಯನ್ನು ಸುಡುತ್ತದೆ. ಪಂಪು ನಿಂತರೆ ಒಣಗುವುದು ರೈತನ ಪೈರು.

ಈ ಪ್ರಶ್ನೆ 1890ರ ದಶಕದಲ್ಲಿ ಅಮೆರಿಕದ ನಯಾಗರದಲ್ಲಿ ಎದ್ದಿತು. ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ಎಷ್ಟು ಆವರ್ತ ಹೊಯ್ದಾಡಬೇಕು? ಸಲಹೆಗಾರ ಜಾರ್ಜ್ ಫೋರ್ಬ್ಸ್ ಹದಿನಾರೂ ಚಿಲ್ಲರೆ ಸಾಕೆಂದರು. ವೆಸ್ಟಿಂಗ್‌ಹೌಸ್ ಕಂಪೆನಿಯ ಎಂಜಿನಿಯರುಗಳು ಅದರ ಇಮ್ಮಡಿ ಬೇಕೆಂದರು. ಕೊನೆಗೆ 25ಕ್ಕೆ ರಾಜಿಯಾಯಿತು. ಭಾರಿ ಯಂತ್ರಗಳಿಗೆ ಅದು ಒಗ್ಗಿತು. ಆದರೆ ಆ ಹೊಯ್ದಾಟದಲ್ಲಿ ದೀಪದ ಬೆಳಕು ಮಿನುಗುವುದು ಕಣ್ಣಿಗೆ ಕಾಣುತ್ತದೆ.

ನಮ್ಮ ಶಿವನಸಮುದ್ರಕ್ಕೂ ಬಂದದ್ದು ಈ 25 ಆವರ್ತವೇ. 1902ರ ಜೂನ್‌ನಲ್ಲಿ ಕಾವೇರಿಯ ಶಕ್ತಿ 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಗಿರಾಕಿ ಗಣಿ, ಅದಕ್ಕೆ ಬೇಕಾದದ್ದು ಯಂತ್ರ ತಿರುಗಿಸುವ ಬಲ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಯಂತ್ರಕ್ಕೆ ಹೊಂದಿದ ಹದಕ್ಕೆ ದೀಪವೂ ಹೊಂದಿಕೊಳ್ಳಬೇಕಾಯಿತು. ಮುಂದೆ ದೇಶಕ್ಕೆಲ್ಲ 50 ಆವರ್ತವೇ ನೆಲೆಯಾಯಿತು.

ಆವರ್ತದ ತೊಡಕು ಬಗೆಹರಿದರೂ ಮೋಟಾರಿನ ತೊಡಕು ಉಳಿಯಿತು. ಇಂಡಕ್ಷನ್ ಮೋಟಾರು ತನ್ನ ಕಾಂತಕ್ಷೇತ್ರಕ್ಕಾಗಿ ಒಂದಿಷ್ಟು ಪ್ರವಾಹವನ್ನು ಸುಮ್ಮನೆ ಎಳೆದು ಹಿಂದಕ್ಕೆ ಕಳುಹಿಸುತ್ತದೆ. ಸಂತೆಗೆ ಸರಕಿಲ್ಲದೆ ಹೋಗಿ ಬರುವ ಬಂಡಿಗಳಂತೆ ಇದು: ವ್ಯಾಪಾರವಿಲ್ಲ, ದಾರಿ ಮಾತ್ರ ಸವೆಯುತ್ತದೆ. ಪವರ್ ಫ್ಯಾಕ್ಟರ್ 0.7ಕ್ಕೆ ಇಳಿದರೆ ಅದೇ ಕೆಲಸಕ್ಕೆ ತಂತಿಯಲ್ಲಾಗುವ ನಷ್ಟ ಸುಮಾರು ಎರಡು ಪಟ್ಟಾಗುತ್ತದೆ. ಸಾಲಿನ ತುದಿಯ ಪಂಪಿಗೆ ವೋಲ್ಟೇಜು ಸಾಲದಾಗುತ್ತದೆ. ಮೋಟಾರಿನ ಬಳಿಯೇ ಕೆಪಾಸಿಟರ್ ಇಟ್ಟರೆ ಈ ಬರಿಬಂಡಿಗಳ ಓಡಾಟ ಅಲ್ಲಿಯೇ ಮುಗಿಯುತ್ತದೆ. ಬಹುಕಾಲ ಇದೇ ರಾಮಬಾಣವಾಗಿತ್ತು.

1957ರಲ್ಲಿ ಅಮೆರಿಕದಲ್ಲಿ ಥೈರಿಸ್ಟರ್ ಹುಟ್ಟಿತು. ಅದರಿಂದ ಮೋಟಾರಿನ ವೇಗವನ್ನು ಬೇಕಾದಂತೆ ಏರಿಳಿಸುವುದು ಸುಲಭವಾಯಿತು, ಶಕ್ತಿಯೂ ಉಳಿಯಿತು. ಆದರೆ ಇಂಥ ಸಾಧನಗಳು ಪ್ರವಾಹವನ್ನು ತುಂಡುತುಂಡಾಗಿ ಕತ್ತರಿಸಿ ಎಳೆಯುತ್ತವೆ. 50 ಆವರ್ತದ ಜೊತೆಗೆ 250, 350ರ ಅಪಸ್ವರಗಳು ತಂತಿಗೆ ಸೇರುತ್ತವೆ. ಸೋಜಿಗವೆಂದರೆ, ಹಿಂದೆ ಮದ್ದಾಗಿದ್ದ ಕೆಪಾಸಿಟರೇ ಕೆಲವೆಡೆ ಈ ಅಪಸ್ವರಕ್ಕೆ ಅನುರಣಿಸಿ ಅದನ್ನು ಹೆಚ್ಚಿಸಿತು! ಆದ್ದರಿಂದ ಕೆಪಾಸಿಟರಿಗೆ ಸುರುಳಿಯನ್ನು ಜೋಡಿಸಿ ಶೋಧಕಗಳನ್ನು ಮಾಡಿದರು. 1983ರಲ್ಲಿ ಜಪಾನಿನ ಅಕಾಗಿ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಿದ್ಧಾಂತ, ಅಪಸ್ವರಕ್ಕೆ ವಿರುದ್ಧ ಪ್ರವಾಹವನ್ನು ಕ್ಷಣಕ್ಷಣಕ್ಕೂ ಉಂಟುಮಾಡಿ ಅದನ್ನು ಅಳಿಸುವ ಉಪಾಯಕ್ಕೆ ದಾರಿಯಾಯಿತು.

ಪ್ರತಿಯೊಂದು ಮದ್ದಿನ ಬೆನ್ನಿಗೂ ಹೊಸದೊಂದು ಬೇನೆ ಬಂದದ್ದನ್ನು ಈ ಚರಿತ್ರೆಯಲ್ಲಿ ಕಾಣುತ್ತೇವೆ. ವಿದ್ಯುತ್ ಜಾಲ ಊರ ಕೆರೆಯಿದ್ದಂತೆ. ಒಬ್ಬನು ಕಲಕಿದ ನೀರನ್ನು ಪಕ್ಕದವನೂ ಕುಡಿಯಬೇಕು. ಕಾರ್ಖಾನೆಯೊಂದರ ಅಪಸ್ವರ ನೆರೆಯ ಮೋಟಾರನ್ನು ಕಾಯಿಸುತ್ತದೆ. ಆದ್ದರಿಂದ ಹದವನ್ನು ಕಾಯುವ ಹೊಣೆ ವಿದ್ಯುದಾಗಾರದ್ದು ಮಾತ್ರವಲ್ಲ. ಗುಂಡಿ ಒತ್ತಿ ಯಂತ್ರ ನಡೆಸುವ ನಮ್ಮದೂ ಹೌದು.