ದಿ ಮೌಂಟನ್ಸ್ ಸಿಂಗ್ (ಕಾದಂಬರಿ)

ದಿ ಮೌಂಟನ್ಸ್ ಸಿಂಗ್ ವಿಯೆಟ್ನಾಂನ ಲೇಖಕಿ ನ್ಗುಯೆನ್ ಫಾನ್ ಕ್ವೆ ಮಾಯ್ ಅವರು ಇಂಗ್ಲಿಷಿನಲ್ಲಿ ರಚಿಸಿದ ಮೊದಲ ಕಾದಂಬರಿ. ಇದನ್ನು ೨೦೨೦ರಲ್ಲಿ ಅಮೆರಿಕದ ಅಲ್ಗಾಂಕ್ವಿನ್ ಬುಕ್ಸ್ ಸಂಸ್ಥೆಯು ಪ್ರಕಟಿಸಿತು. ತ್ರಾನ್ ಮನೆತನದ ಹಲವು ತಲೆಮಾರುಗಳ ಬದುಕನ್ನು ೨೦ನೆಯ ಶತಮಾನದ ವಿಯೆಟ್ನಾಂನ ಕ್ಷಾಮ, ಭೂಸುಧಾರಣೆ ಮತ್ತು ಯುದ್ಧಗಳ ಹಿನ್ನೆಲೆಯಲ್ಲಿ ಈ ಕೃತಿಯು ಚಿತ್ರಿಸುತ್ತದೆ.

ಐತಿಹಾಸಿಕ ಹಿನ್ನೆಲೆ

ಜಪಾನಿನ ಆಕ್ರಮಣದ ಕಾಲದಲ್ಲಿ, ೧೯೪೪–೪೫ರಲ್ಲಿ, ಉತ್ತರ ವಿಯೆಟ್ನಾಂನಲ್ಲಿ ಭೀಕರ ಕ್ಷಾಮ ತಲೆದೋರಿತು. ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು ೪ ಲಕ್ಷದಿಂದ ೨೦ ಲಕ್ಷದವರೆಗೆ ಅಂದಾಜಿಸುತ್ತಾರೆ. ೧೯೫೪ರ ಜಿನೀವಾ ಒಪ್ಪಂದದಂತೆ ದೇಶವು ೧೭ನೆಯ ಅಕ್ಷಾಂಶದ ಬಳಿ ಇಬ್ಭಾಗವಾಯಿತು. ಉತ್ತರದಲ್ಲಿ ನಡೆದ ಭೂಸುಧಾರಣೆಯಲ್ಲಿ ಜಮೀನ್ದಾರರೆಂದು ಗುರುತಿಸಲ್ಪಟ್ಟ ಅನೇಕರು ಬಹಿರಂಗ ವಿಚಾರಣೆಗೆ ಗುರಿಯಾಗಿ ಕೊಲ್ಲಲ್ಪಟ್ಟರು. ಈ ಕಾರ್ಯಕ್ರಮದಲ್ಲಿ ತಪ್ಪುಗಳಾದವೆಂದು ಸರ್ಕಾರವೇ ೧೯೫೬ರಲ್ಲಿ ಒಪ್ಪಿಕೊಂಡಿತು.

ಕಥಾವಸ್ತು

ಕಥೆಯನ್ನು ಅಜ್ಜಿ ಜಿಯೂ ಲಾನ್ ಮತ್ತು ಮೊಮ್ಮಗಳು ಹುವೊಂಗ್ ಸರದಿಯಂತೆ ನಿರೂಪಿಸುತ್ತಾರೆ. ೧೯೨೦ರಲ್ಲಿ ನ್ಘೆ ಆನ್ ಪ್ರಾಂತ್ಯದ ಅನುಕೂಲಸ್ಥ ಕೃಷಿಕ ಮನೆತನದಲ್ಲಿ ಹುಟ್ಟಿದ ಜಿಯೂ ಲಾನ್, ಭೂಸುಧಾರಣೆಯ ಸಂದರ್ಭದಲ್ಲಿ ಮನೆ–ಹೊಲಗಳನ್ನು ಕಳೆದುಕೊಂಡು ಮಕ್ಕಳೊಡನೆ ಹನೋಯ್‌ಗೆ ಪಲಾಯನ ಮಾಡುತ್ತಾಳೆ. ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯಲಾಗದೆ, ಮರಳಿ ಬರುವೆನೆಂಬ ಭರವಸೆಯೊಂದಿಗೆ ಮಕ್ಕಳನ್ನು ದಾರಿಯಲ್ಲಿ ಒಬ್ಬೊಬ್ಬರನ್ನಾಗಿ ಬಿಟ್ಟುಹೋಗುವ ಪ್ರಸಂಗವು ಕಾದಂಬರಿಯ ಕೇಂದ್ರದಲ್ಲಿದೆ. ಅಂದಿನ ಗಾಯವು ಮಕ್ಕಳಲ್ಲಿ ಕೊನೆಯವರೆಗೂ ಉಳಿಯುತ್ತದೆ.

ಹುವೊಂಗ್‌ಳ ಕಥನವು ೧೯೭೨ರಲ್ಲಿ ಹನೋಯ್ ಮೇಲೆ ಅಮೆರಿಕವು ನಡೆಸಿದ ಬಾಂಬ್ ದಾಳಿಯಿಂದ ಆರಂಭವಾಗುತ್ತದೆ. ಆಕೆಯ ತಂದೆ ರಣರಂಗದಿಂದ ಹಿಂದಿರುಗಿಲ್ಲ. ವೈದ್ಯೆಯಾದ ತಾಯಿ ನ್ಗೋಕ್ ಪತಿಯನ್ನು ಅರಸಿ ದಕ್ಷಿಣಕ್ಕೆ ಹೋಗಿದ್ದಾಳೆ. ಅಜ್ಜಿಯ ಹಿರಿಯ ಮಗ ಮಿನ್ ದಕ್ಷಿಣದ ಸೈನ್ಯವನ್ನು ಸೇರಿದರೆ, ಆತನ ತಮ್ಮಂದಿರು ಉತ್ತರದ ಪರವಾಗಿ ಹೋರಾಡುತ್ತಾರೆ. ಹೀಗೆ ದೇಶದ ವಿಭಜನೆಯು ಒಂದೇ ತಾಯಿಯ ಮಕ್ಕಳ ನಡುವಿನ ವಿಭಜನೆಯೂ ಆಗುತ್ತದೆ.

ಶೀರ್ಷಿಕೆ ಮತ್ತು ಆಶಯ

ವಿಯೆಟ್ನಾಮೀ ಭಾಷೆಯಲ್ಲಿ 'ಸನ್ ಕಾ' ಎಂಬುದು ಬಾನಾಡಿ ಹಕ್ಕಿಯ ಹೆಸರು. ಪದಶಃ 'ಪರ್ವತದ ಹಾಡು' ಎಂದರ್ಥ. ತಂದೆ ಮಗಳಿಗಾಗಿ ಕೆತ್ತಿದ ಮರದ ಹಕ್ಕಿಗೆ ಇದೇ ಹೆಸರಿದೆ. ಪಠ್ಯಪುಸ್ತಕಗಳು ಹೇಳದೆ ಬಿಟ್ಟ ಸಂಗತಿಗಳನ್ನು ಅಜ್ಜಿಯು ಮೊಮ್ಮಗಳಿಗೆ ಹೇಳುವುದು ಕೃತಿಯ ತಂತ್ರವೂ ಹೌದು, ಆಶಯವೂ ಹೌದು. ಅಮೆರಿಕನ್ನರನ್ನು ದ್ವೇಷಿಸುತ್ತಿದ್ದ ಹುವೊಂಗ್, ಅಲ್ಲಿನ ಮಕ್ಕಳ ಪುಸ್ತಕವೊಂದನ್ನು ಓದಿ ಅವರಿಗೂ ತನ್ನಂತೆಯೇ ಮನೆ–ಕುಟುಂಬಗಳಿವೆ ಎಂದು ಅರಿಯುತ್ತಾಳೆ.

ಲೇಖಕಿ ಮತ್ತು ಮನ್ನಣೆ

೧೯೭೩ರಲ್ಲಿ ಉತ್ತರ ವಿಯೆಟ್ನಾಂನಲ್ಲಿ ಜನಿಸಿದ ಲೇಖಕಿಯು ದಕ್ಷಿಣದ ಮೆಕಾಂಗ್ ನದೀಮುಖಜ ಪ್ರದೇಶದಲ್ಲಿ ಬೆಳೆದರು. ವಿಯೆಟ್ನಾಮೀ ಭಾಷೆಯಲ್ಲಿ ಕವಯಿತ್ರಿಯಾಗಿಯೂ ಪರಿಚಿತರು. ಈ ಕಾದಂಬರಿಗೆ ೨೦೨೧ರಲ್ಲಿ ಡೇಟನ್ ಸಾಹಿತ್ಯ ಶಾಂತಿ ಪ್ರಶಸ್ತಿಯ ಕಥಾಸಾಹಿತ್ಯ ವಿಭಾಗದಲ್ಲಿ ದ್ವಿತೀಯ ಸ್ಥಾನ ದೊರೆಯಿತು. ಇವರ ಮುಂದಿನ ಇಂಗ್ಲಿಷ್ ಕಾದಂಬರಿ 'ಡಸ್ಟ್ ಚೈಲ್ಡ್' ೨೦೨೩ರಲ್ಲಿ ಪ್ರಕಟವಾಯಿತು.