ಕಬ್ಬನ್ ದೊರೆಯ ಬೆಟ್ಟದ ಮನೆ



ಕಳೆದ ತಿಂಗಳು, ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಒಂದು ಭಾವಚಿತ್ರ ಕಳುಹಿಸಿದ್ದ. ಶನಿವಾರ ಬೆಳಿಗ್ಗೆ ರೈಲು ಹತ್ತಿ ಆಲ್ಪ್ಸ್ ಪರ್ವತದ ತಪ್ಪಲಿಗೆ ಹೋಗಿ, ಭಾನುವಾರ ರಾತ್ರಿ ಮರಳಿದನಂತೆ. ಚಿತ್ರದ ಕೆಳಗೆ, "ಸಾರ್, ಮಂಜು ನಮ್ಮ ನಂದಿಬೆಟ್ಟದ ಹಾಗೇ ಇದೆ" ಎಂದು ಬರೆದಿದ್ದ. ಅದನ್ನು ಓದಿದೊಡನೆ ನನಗೆ ನೆನಪಾದದ್ದು 1991ರ ನಮ್ಮ ಶಾಲಾ ಪ್ರವಾಸ. ಅಂದು ಒಂಬತ್ತನೆಯ ತರಗತಿಯಲ್ಲಿದ್ದ ಇದೇ ಹುಡುಗ ನಂದಿಬೆಟ್ಟದ ಮೇಲಿನ ಹಳೆಯ ಬಂಗಲೆಯ ಮುಂದೆ ನಿಂತು, "ಸಾರ್, ಈ ದೊರೆ ರಜಕ್ಕೆ ಇಲ್ಲಿಗೆ ಬರ್ತಿದ್ನಲ್ಲ, ತನ್ನ ಊರಿಗ್ಯಾಕೆ ಹೋಗ್ತಿರ್ಲಿಲ್ಲ?" ಎಂದು ಕೇಳಿದ್ದ. ಉತ್ತರ ತಿಳಿಯದಿದ್ದರೆ "ನೋಡಿ ಹೇಳುತ್ತೇನೆ" ಎನ್ನಬೇಕೆಂದು ಬಿ.ಎಡ್. ತರಬೇತಿಯಲ್ಲಿ ಕಲಿಸಿದ್ದರು. ಹಾಗೆಂದೆ. ನೋಡಿ ಹೇಳಲು ಮೂರು ದಶಕಗಳೇ ಹಿಡಿದವು!

ಆ ದೊರೆ ಸರ್ ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಪಾರ್ಕು, ಕಬ್ಬನ್ ರಸ್ತೆಗಳಿಂದಾಗಿ ಹೆಸರೇನೋ ಎಲ್ಲರಿಗೂ ಪರಿಚಿತ. ಆದರೆ ಆತ ಎಲ್ಲಿಯವನೆಂದು ಕೇಳಿದರೆ "ಇಂಗ್ಲೆಂಡಿನವನು" ಎಂದುಬಿಡುತ್ತೇವೆ. ಆತ ಹುಟ್ಟಿದ್ದು ಇಂಗ್ಲೆಂಡ್ ಮತ್ತು ಐರ್ಲೆಂಡುಗಳ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದಲ್ಲಿ, 1775ರಲ್ಲಿ. ತಂದೆ ಮಾಗೋಲ್ಡ್ ಎಂಬ ಊರಿನ ಪಾದ್ರಿ. ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ಈತನ ಸೋದರಮಾವ. ನೆಪೋಲಿಯನ್ನನನ್ನು ಸೆರೆಯಾಳಾಗಿ ಸೇಂಟ್ ಹೆಲೆನಾ ದ್ವೀಪಕ್ಕೆ ತಂದಾಗ ಅಲ್ಲಿ ಗವರ್ನರ್ ಆಗಿದ್ದವರೂ ಇದೇ ವಿಲ್ಕ್ಸ್. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುವೆ.

ಕಬ್ಬನ್ 1800ರಲ್ಲಿ ಕಂಪನಿಯ ಮದರಾಸು ಸೈನ್ಯಕ್ಕೆ ಸೇರಿ ಭಾರತಕ್ಕೆ ಬಂದ. ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಆಡಳಿತವನ್ನು ಕಿತ್ತುಕೊಂಡ ಕಂಪನಿಯು ಮೈಸೂರಿಗೆ ಕಮಿಷನರುಗಳನ್ನು ನೇಮಿಸಿತಷ್ಟೆ. ಕಬ್ಬನ್ 1834ರಲ್ಲಿ ಆ ಗಾದಿಗೆ ಬಂದು 1861ರವರೆಗೆ, ಅಂದರೆ ಸುಮಾರು ಇಪ್ಪತ್ತೇಳು ವರ್ಷ, ಅದರಲ್ಲಿಯೇ ಉಳಿದ. ಮದುವೆಯಾಗಲಿಲ್ಲ. ಒಳ್ಳೆಯ ಕುದುರೆಗಳೆಂದರೆ ಪ್ರಾಣ.

ಬೇಸಿಗೆಯ ಝಳಕ್ಕೆ ಆತ ಓಡುತ್ತಿದ್ದದ್ದು ನಂದಿಬೆಟ್ಟಕ್ಕೆ. ಶನಿವಾರ ಮಧ್ಯಾಹ್ನ ಹೊರಟು ಸೋಮವಾರ ಕಛೇರಿಗೆ ಹಾಜರಾಗುವ ಇಂದಿನ ಪ್ರವಾಸವಲ್ಲ ಅದು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ರೈಲಿಲ್ಲ, ಮೋಟಾರಿಲ್ಲ. (ನಮ್ಮ ಹಿರಿಯರಿಗಂತೂ ವಾರಾಂತ್ಯವೆಂಬ ಕಲ್ಪನೆಯೇ ಇರಲಿಲ್ಲ. ಬಸವಣ್ಣನ ವಾರವೆಂದು ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುತ್ತಿರಲಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದೇ 1890ರಲ್ಲಿ, ಲೋಖಂಡೆಯವರ ಹೋರಾಟದಿಂದ.) 4,851 ಅಡಿ ಎತ್ತರದ ಈ ಬೆಟ್ಟ ಟಿಪ್ಪುವಿನ ಕೋಟೆಯಾಗಿತ್ತು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿದಾಗ ಕಬ್ಬನ್ ಇನ್ನೂ ಹದಿನಾರರ ಹುಡುಗ. ರಕ್ತ ಹರಿದ ಅದೇ ಕೋಟೆಯೊಳಗೆ ಮುಂದೆ ಆತನ ವಿಶ್ರಾಂತಿಯ ಮನೆ ಎದ್ದಿತು. ಇಂದು ಅದಕ್ಕೆ ನೆಹರೂ ನಿಲಯವೆಂದು ಹೆಸರು.

ದೊರೆಯ ವಿಶ್ರಾಂತಿಗಾಗಿ ಬೆವರು ಸುರಿಸಿದವರು ಯಾರೆಂಬುದನ್ನೂ ಮರೆಯಬಾರದು. ಸಾಮಾನು ಸರಂಜಾಮುಗಳು ತಾವಾಗಿ ಬೆಟ್ಟ ಹತ್ತುವುದಿಲ್ಲ. ಸುಲ್ತಾನಪೇಟೆಯ ಮೆಟ್ಟಿಲುಗಳನ್ನು ಬರಿಗೈಯಲ್ಲಿ ಏರಿಯೇ ಏದುಸಿರುಬಿಟ್ಟ ನೀವು ಇದನ್ನು ಬಲ್ಲಿರಿ.

ಇನ್ನು ಹುಡುಗನ ಪ್ರಶ್ನೆ. ಊರಿಗೆ ಹೋಗಲು ನಿಯಮದ ಅಡ್ಡಿಯಿರಲಿಲ್ಲ. ಹತ್ತು ವರ್ಷ ಸೇವೆ ಸಲ್ಲಿಸಿದ ಕಂಪನಿಯ ಸೈನ್ಯಾಧಿಕಾರಿಗೆ ಮೂರು ವರ್ಷಗಳ ದೀರ್ಘ ರಜೆಯ ಅವಕಾಶವಿತ್ತು. ಆದರೆ ಹಡಗು ಆಫ್ರಿಕಾ ಖಂಡವನ್ನೇ ಸುತ್ತಿ ಹೋಗಬೇಕಾಗಿದ್ದ ಕಾಲದಲ್ಲಿ ಒಂದು ಕಡೆಯ ಪ್ರಯಾಣಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅನೇಕರು ಹೋಗಿಬಂದರು, ಕಬ್ಬನ್ ಹೋಗಲಿಲ್ಲ. ಆವಿಯ ಹಡಗುಗಳು ಬಂದು ಈಜಿಪ್ಟಿನ ನೆಲಮಾರ್ಗ ತೆರೆದು ಪ್ರಯಾಣ ಸುಲಭವಾದ ಮೇಲೂ ಹೋಗಲಿಲ್ಲ. ಒಂದು ವರ್ಷ ಮುಂದೂಡಿದವನಿಗೆ ಮರುವರ್ಷ ಮುಂದೂಡುವುದು ಇನ್ನಷ್ಟು ಸುಲಭವಾಗುತ್ತದೆಂಬುದು ನನ್ನ ಊಹೆ. ಜೊತೆಗೆ, ಹತ್ತಿರದಲ್ಲೇ ಒಂದು ತಂಪಾದ ಬೆಟ್ಟವಿತ್ತಲ್ಲ! ಐಲ್ ಆಫ್ ಮ್ಯಾನ್ ದ್ವೀಪವನ್ನು ಕಾಯುವ ಕಡಲದೇವತೆ ಮನನ್ನಾನ್, ಶತ್ರುಗಳು ಬಂದಾಗ ಮಂಜಿನ ಕಂಬಳಿ ಹೊದಿಸಿ ಅದನ್ನು ಮರೆಮಾಡುತ್ತಾನೆಂದು ಅಲ್ಲಿಯ ಜನಪದರ ನಂಬಿಕೆ. ನಂದಿಯ ಮುಂಜಾನೆಯ ಮಂಜನ್ನು ನೋಡಿದಾಗ ಪಾದ್ರಿಯ ಮಗನಿಗೆ ಆ ಕಥೆ ನೆನಪಾಗದೇ ಇದ್ದೀತೆ?

ಕೊನೆಗೂ ಆತ ಊರಿಗೆ ಹೊರಟ. 1861ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಆರೋಗ್ಯ ಕೆಟ್ಟು ಅಧಿಕಾರ ಬಿಟ್ಟು ಹಡಗು ಹತ್ತಿದ. ಆ ಏಪ್ರಿಲ್ ತಿಂಗಳಲ್ಲಿ ಸೂಯೆಜ್‌ನಲ್ಲಿ ಪ್ರಾಣ ಹೋಯಿತು. ಅರವತ್ತೊಂದು ವರ್ಷಗಳ ಬಳಿಕ ಮಾಗೋಲ್ಡ್ ತಲುಪಿದ್ದು ಆತನ ದೇಹ ಮಾತ್ರ. ಸಮಾಧಿ ಅಲ್ಲಿಯೇ ಇದೆ.

ಇದಿಷ್ಟನ್ನೂ ಬರೆದು ಮ್ಯೂನಿಕ್ಕಿನ ಶಿಷ್ಯನಿಗೆ ಕಳುಹಿಸಿದೆ. "ಕೊನೆಗೂ ಉತ್ತರ ಸಿಕ್ತು ಸಾರ್. ಈ ಸಲ ಡಿಸೆಂಬರಿಗೆ ಬರಬೇಕೆಂದಿದ್ದೇನೆ, ನೋಡೋಣ" ಎಂದು ಬರೆದ. ಹೋದ ವರ್ಷವೂ "ನೋಡೋಣ" ಎಂದಿದ್ದ.

ಮೊನ್ನೆ ಸಂತೆಯಲ್ಲಿ ಅವನ ತಾಯಿ ಸಿಕ್ಕರು. ಆಲ್ಪ್ಸ್ ಪರ್ವತದ ಆ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಆಕೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಬೆಟ್ಟದ ಮಾತೆತ್ತಲಿಲ್ಲ. "ಸೊರಗಿದ್ದಾನಲ್ವಾ ಮೇಷ್ಟ್ರೇ?" ಎಂದರು.