ರಾಯಚೂರು ಕೋಟೆ ಮತ್ತು ನದೀತೀರ: ಎರಡು ದಿನಗಳ ಕುಟುಂಬ ಪ್ರವಾಸಕ್ಕೆ ಸಾರ್ವಜನಿಕ ಮಾಹಿತಿ

ರಾಯಚೂರು ಜಿಲ್ಲೆಗೆ ಕಡಲತೀರವಿಲ್ಲ. ಯುದ್ಧನೌಕೆ ವಸ್ತುಸಂಗ್ರಹಾಲಯವಿರುವ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರವು ರಾಯಚೂರು ನಗರದಿಂದ ರಸ್ತೆಯ ಮೂಲಕ 400 ಕಿ.ಮೀ.ಗಿಂತ ಹೆಚ್ಚು ದೂರದಲ್ಲಿದ್ದು, ಶನಿವಾರ ಮತ್ತು ಭಾನುವಾರದ ರಜೆಯ ಬಹುಪಾಲು ಪ್ರಯಾಣದಲ್ಲಿಯೇ ಕಳೆದುಹೋಗುತ್ತದೆ. ಆದರೆ ಜಿಲ್ಲೆಯ ಉತ್ತರಕ್ಕೆ ಕೃಷ್ಣಾ ನದಿಯೂ ದಕ್ಷಿಣಕ್ಕೆ ತುಂಗಭದ್ರಾ ನದಿಯೂ ಹರಿಯುತ್ತಿದ್ದು, ಈ ಎರಡು ನದಿಗಳ ನಡುವಿನ ನಾಡು ಶತಮಾನಗಳ ಕಾಲ ಅರಸರ ಪೈಪೋಟಿಗೆ ಕಾರಣವಾಗಿತ್ತು. ಮಕ್ಕಳು ಮತ್ತು ಹಿರಿಯರೊಂದಿಗೆ ಎರಡು ದಿನಗಳಲ್ಲಿ ನೋಡಿ ಮರಳಬಹುದಾದ ಸ್ಥಳಗಳ ವಿವರ ಹಾಗೂ ಪಾಲಿಸಬೇಕಾದ ಎಚ್ಚರಿಕೆಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಕೆಳಗೆ ನೀಡಲಾಗಿದೆ.

ಮೊದಲನೆಯ ದಿನ: ರಾಯಚೂರು ನಗರ

ಕೋಟೆಯನ್ನು ಕ್ರಿ.ಶ. 1294ರಲ್ಲಿ ಕಾಕತೀಯರ ಆಳ್ವಿಕೆಯ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿಯು ನಿರ್ಮಿಸಿದನೆಂದು ಒಳಕೋಟೆಯ ಪಶ್ಚಿಮ ಗೋಡೆಯಲ್ಲಿರುವ ಶಾಸನದಿಂದ ತಿಳಿದುಬರುತ್ತದೆ. ಶಾಸನವಿರುವ ಒಂದೇ ಕಲ್ಲು 40 ಅಡಿಗೂ ಹೆಚ್ಚು ಉದ್ದವಿದೆ. ಇಂತಹ ಬೃಹತ್ ಕಲ್ಲನ್ನು ಗಾಡಿಯ ಮೇಲೆ ಹೇರಿ ಎಳೆದು ತರುತ್ತಿರುವ ದೃಶ್ಯವನ್ನೂ ಅಲ್ಲಿಯೇ ಕೊರೆಯಲಾಗಿದೆ. ಯಂತ್ರಗಳಿಲ್ಲದ ಕಾಲದಲ್ಲಿ ಕೋಟೆ ಕಟ್ಟಿದ ಬಗೆಯನ್ನು ಮಕ್ಕಳಿಗೆ ವಿವರಿಸಲು ಈ ಚಿತ್ರವೊಂದೇ ಸಾಕಾಗುತ್ತದೆ. ಒಳಗೋಡೆಯ ಕಲ್ಲುಗಳನ್ನು ಗಾರೆಯನ್ನು ಬಳಸದೆ ಒಂದರ ಮೇಲೊಂದು ಕೂಡಿಸಿರುವುದನ್ನೂ ಗಮನಿಸಬಹುದು.

ಹೊರಕೋಟೆಯು ನಂತರದ ಮುಸ್ಲಿಂ ಅರಸರ ಕಾಲದ್ದಾಗಿದ್ದು, ಮೆಕ್ಕಾ, ನವರಂಗ, ಕಾಟಿ, ಖಂದಕ್ ಮತ್ತು ದೊಡ್ಡಿ ಎಂಬ ಐದು ದರ್ವಾಜಗಳನ್ನು ಹೊಂದಿದೆ. ಪಶ್ಚಿಮ ದಿಕ್ಕಿನದು ಮೆಕ್ಕಾ ದರ್ವಾಜ. ಖಂದಕ್ ಎಂದರೆ ಕೋಟೆಯ ಸುತ್ತಲಿನ ಕಂದಕ. ಕ್ರಿ.ಶ. 1520ರಲ್ಲಿ ವಿಜಯನಗರದ ಶ್ರೀಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆಯನ್ನು ವಶಪಡಿಸಿಕೊಂಡನು. ಪೋರ್ಚುಗೀಸ್ ವರ್ತಕ ನ್ಯೂನಿಜ್ ಈ ಯುದ್ಧದ ವಿಸ್ತಾರವಾದ ವರ್ಣನೆಯನ್ನು ಬರೆದಿಟ್ಟಿದ್ದಾನೆ.

ನಗರದಲ್ಲಿರುವ ಏಕ್ ಮಿನಾರ್ ಮಸೀದಿಯು ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದ್ದು. ಇದರ ಒಂಟಿ ಮಿನಾರಿನ ಎತ್ತರ ಸುಮಾರು 65 ಅಡಿ. ಬಿಸಿಲು ಇಳಿದ ನಂತರ ಆಮ್ ತಲಾಬ್ ಎಂದೂ ಕರೆಯಲಾಗುವ ಮಾವಿನಕೆರೆಯ ಬದಿಗೆ ಹೋಗಬಹುದು. ಕೋಟೆಯ ಬೆಟ್ಟ ಮತ್ತು ಕೆರೆಯ ನೀರು ಒಟ್ಟಿಗೆ ಕಾಣುವ ಈ ನೋಟವು ನಗರದ ಹಳೆಯ ಸ್ವರೂಪವನ್ನು ನೆನಪಿಗೆ ತರುತ್ತದೆ. ಕೆರೆಗೆ ಕಸ, ಪ್ಲಾಸ್ಟಿಕ್ ಹಾಗೂ ಪೂಜಾ ಸಾಮಗ್ರಿಗಳನ್ನು ಹಾಕತಕ್ಕದ್ದಲ್ಲ.

ಎರಡನೆಯ ದಿನ: ಮಾನ್ವಿ ಅಥವಾ ದೇವದುರ್ಗ

ಎರಡೂ ದಿಕ್ಕುಗಳನ್ನು ಒಂದೇ ದಿನದಲ್ಲಿ ಮುಗಿಸಲು ಹೊರಟರೆ ಮಕ್ಕಳಿಗೆ ಮತ್ತು ಹಿರಿಯರಿಗೆ ಆಯಾಸವಾಗುವುದರಿಂದ ಒಂದನ್ನು ಮಾತ್ರ ಆಯ್ಕೆ ಮಾಡಿಕೊಳ್ಳುವುದು ಸೂಕ್ತ.

1. ಮಾನ್ವಿ ಮಾರ್ಗ: ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು ನೆಲೆಸಿದ್ದ ಊರು ಮಾನ್ವಿ. ಅವರ ಸನ್ನಿಧಿಯನ್ನು ದರ್ಶಿಸಿ, ತುಂಗಭದ್ರಾ ತೀರದಲ್ಲಿರುವ ವಿಜಯದಾಸರ ಜನ್ಮಸ್ಥಳ ಚೀಕಲಪರವಿಗೆ ತೆರಳಬಹುದು.

2. ದೇವದುರ್ಗ ಮಾರ್ಗ: ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಗಬ್ಬೂರು ಹಳೆಯ ದೇವಾಲಯಗಳು ಮತ್ತು ಶಾಸನಗಳಿಗೆ ಹೆಸರಾಗಿದೆ. ಅಲ್ಲಿಂದ ಕೃಷ್ಣಾ ತೀರದ ಕೊಪ್ಪರ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋಗಬಹುದು. ದೇವದುರ್ಗವು ಹಿಂದೆ ಬೇಡ ನಾಯಕರ ನೆಲೆಯಾಗಿತ್ತು.

ನದಿಯ ಬಳಿ ಕಡ್ಡಾಯವಾಗಿ ಪಾಲಿಸಬೇಕಾದ ಅಂಶಗಳು

ದಡದಲ್ಲಿ ಕುಳಿತು ನೋಡುವಾಗ ನದಿಯು ಶಾಂತವಾಗಿ ಕಂಡರೂ ನೀರಿಗೆ ಇಳಿಯುವುದು ಅಪಾಯಕಾರಿ.

* ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆ. ಸ್ನಾನ, ಈಜು ಮತ್ತು ಬಟ್ಟೆ ಒಗೆಯುವ ನೆಪದಲ್ಲಿಯೂ ಮಕ್ಕಳನ್ನು ನೀರಿನ ಅಂಚಿಗೆ ಬಿಡಬಾರದು.
* ಸ್ಥಳದಲ್ಲಿ ಮಳೆ ಇಲ್ಲದಿದ್ದರೂ ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ನದಿಯ ಮಟ್ಟ ಏರುತ್ತದೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿನಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕಿತ್ತುಹೋಗಿ ಭಾರಿ ಪ್ರಮಾಣದ ನೀರು ನದಿಗೆ ಹರಿಯಿತು.
* ಮಳೆಗಾಲದಲ್ಲಿ ಹೊರಡುವ ಮುನ್ನ ಜಿಲ್ಲಾಡಳಿತದ ಪ್ರವಾಹ ಮುನ್ನೆಚ್ಚರಿಕೆಯನ್ನು ತಿಳಿದುಕೊಳ್ಳತಕ್ಕದ್ದು. ನೀರು ಹರಿಯುತ್ತಿರುವ ಸೇತುವೆಯನ್ನು ಯಾವುದೇ ವಾಹನದಲ್ಲಿ ದಾಟಬಾರದು.
* ತುರ್ತು ಸಂದರ್ಭದಲ್ಲಿ 112, ಆಂಬ್ಯುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡುವುದು.

ಸ್ಮಾರಕಗಳ ರಕ್ಷಣೆ

ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ 1958ರ ಕೇಂದ್ರ ಅಧಿನಿಯಮ ಮತ್ತು ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಅಧಿನಿಯಮ ಅನ್ವಯಿಸುತ್ತವೆ. ಕೇಂದ್ರ ಅಧಿನಿಯಮದ 2010ರ ತಿದ್ದುಪಡಿಯಂತೆ ಸ್ಮಾರಕವನ್ನು ಹಾಳುಗೆಡವಿದವರಿಗೆ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂ.ಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಗೋಡೆಯ ಮೇಲೆ ಹೆಸರು ಕೆತ್ತುವುದು, ಶಾಸನಕ್ಕೆ ಬಣ್ಣ, ಎಣ್ಣೆ ಅಥವಾ ಸುಣ್ಣ ಹಚ್ಚುವುದು ಸರಿಪಡಿಸಲಾಗದ ಹಾನಿಯಾಗಿರುತ್ತದೆ. ಒಮ್ಮೆ ಅಳಿದ ಅಕ್ಷರವನ್ನು ಯಾವ ಇಲಾಖೆಯೂ ಮತ್ತೆ ಬರೆಯಲಾರದು.

ಸಾರಿಗೆ ಮತ್ತು ಕಾಲ

ರಾಯಚೂರಿನಿಂದ ಮಾನ್ವಿ ಹಾಗೂ ದೇವದುರ್ಗಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಿವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಇದಕ್ಕಾಗಿ ರಾಜ್ಯದ ವಾಸಸ್ಥಳವನ್ನು ತೋರಿಸುವ ಗುರುತಿನ ಚೀಟಿಯನ್ನು ಜೊತೆಯಲ್ಲಿ ತರತಕ್ಕದ್ದು. ಗ್ರಾಮಗಳಿಂದ ಮರಳುವ ಕೊನೆಯ ಬಸ್ಸಿನ ವೇಳೆಯನ್ನು ನಿಲ್ದಾಣದಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು.

ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಪ್ರವಾಸಕ್ಕೆ ಅನುಕೂಲಕರ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಕೋಟೆಯ ಬೆಟ್ಟವನ್ನು ಬೆಳಿಗ್ಗೆಯೇ ಹತ್ತಿ ಇಳಿಯುವುದು ಹಾಗೂ ಸಾಕಷ್ಟು ಕುಡಿಯುವ ನೀರನ್ನು ಕೊಂಡೊಯ್ಯುವುದು ಅವಶ್ಯಕ.